ಹದಿಹರೆಯದ ಕುಡಿತ: ಮಗುವನ್ನು ಬೈಯುವ ಮೊದಲು ಮಾರುವವನನ್ನು ತೋರಿಸಿ

ಹದಿನೈದು ಹದಿನಾರರ ಮಗನೋ ಮಗಳೋ ಕುಡಿದಿದ್ದಾರೆ ಅಂತ ಗೊತ್ತಾದಾಗ ಮನೆಯವರ ಬಾಯಿಂದ ಮೊದಲು ಬರುವ ಮಾತು "ಯಾರ ಸಹವಾಸ ಇದು?" ಅಂತ. ಸಹವಾಸ ಲೆಕ್ಕಕ್ಕೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಗೆಳೆಯನಿಗೂ ಯಾರೋ ಆಸೆ ಹುಟ್ಟಿಸಿದ್ದಾರೆ ಅಲ್ವಾ? ಗೆಳೆಯ ಬಾಟಲಿ ತೋರಿಸುವ ಎಷ್ಟೋ ವರ್ಷ ಮೊದಲೇ ಮ್ಯಾಚಿನ ನಡುವೆ, ಹಾಡಿನ ವಿಡಿಯೊದಲ್ಲಿ, ದಿನಾ ನೋಡುವ ರೀಲ್ಸ್ ಹುಡುಗನ ಕೈಯಲ್ಲಿ ಆ ಲೋಗೊ ಮಗುವಿನ ಕಣ್ಣಿಗೆ ಬಿದ್ದಾಗಿರುತ್ತದೆ. ಬಹಳಷ್ಟು ಸಲ ಅದು ಸುಮ್ನೆ ಬಿದ್ದದ್ದಲ್ಲ, ದುಡ್ಡು ಕೊಟ್ಟು ಬೀಳಿಸಿದ್ದು.

ಹಾಗಾಗಿ ಇಲ್ಲಿ ಎರಡು ಕೆಲಸಗಳ ಬಗ್ಗೆ ಹೇಳುತ್ತೇನೆ. ಮಗುವಿನ ಕುಡಿತವನ್ನು ಹೇಗೆ ನಿಭಾಯಿಸುವುದು, ಮಾರುವವರ ಆಟವನ್ನು ಮಗುವಿಗೇ ಹೇಗೆ ತೋರಿಸಿಕೊಡುವುದು. ನನ್ನ ಪ್ರಕಾರ ಎರಡನೆಯದನ್ನು ಮಾಡದೆ ಮೊದಲನೆಯದು ಜಾಸ್ತಿ ದಿನ ನಿಲ್ಲುವುದಿಲ್ಲ. ಅಪ್ಪ ಅಮ್ಮ, ಅಕ್ಕ ಅಣ್ಣ, ಮೇಷ್ಟ್ರು, ಯಾರು ಬೇಕಾದರೂ ಓದಬಹುದು. ಹದಿಹರೆಯದವರೇ ಓದಿದರೆ ಇನ್ನೂ ಒಳ್ಳೆಯದು.

ಈಗಲೇ ಯಾರಾದರೂ ಕುಡಿದು ಬಿದ್ದಿದ್ದರೆ

ಉಳಿದದ್ದನ್ನೆಲ್ಲ ಆಮೇಲೆ ಓದಿ, ಇದನ್ನು ಮೊದಲು ಮಾಡಿ. ಹೆಸರು ಹಿಡಿದು ಜೋರಾಗಿ ಕೂಗಿ, ಹೆಗಲು ಹಿಡಿದು ಅಲುಗಾಡಿಸಿ. ಕಣ್ಣು ಬಿಟ್ಟು ಉತ್ತರ ಕೊಡದಿದ್ದರೆ ಅದನ್ನು ನಿದ್ದೆ ಅಂದುಕೊಳ್ಳಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ. ಉಸಿರು ಎಣಿಸಿ. ನಿಮಿಷಕ್ಕೆ 8ಕ್ಕಿಂತ ಕಡಿಮೆ ಇದ್ದರೆ, ಅಥವಾ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ 10 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಅಂತರ ಬಿದ್ದರೆ ಅದು ಅಪಾಯ. ತುಟಿ, ಉಗುರು ನೀಲಿಯಾಗುವುದು, ಮೈ ತಣ್ಣಗಾಗುವುದು, ಫಿಟ್ಸ್ ಬರುವುದು, ಎಚ್ಚರವಿಲ್ಲದೆಯೇ ವಾಂತಿಯಾಗುವುದು ಕೂಡ ಹಾಗೆಯೇ. ಇವುಗಳಲ್ಲಿ ಒಂದೇ ಒಂದು ಕಂಡರೂ ಸಾಕು. ಎಲ್ಲವೂ ಕಾಣಿಸಲಿ ಅಂತ ಕಾಯುತ್ತಾ ಕೂರಬೇಡಿ.

ಆಂಬುಲೆನ್ಸ್ ಬರುವವರೆಗೆ ಅಂಗಾತ ಮಲಗಿಸಬೇಡಿ. ಪಕ್ಕಕ್ಕೆ ಹೊರಳಿಸಿ, ಮೇಲಿನ ಕಾಲನ್ನು ಮಂಡಿಯಲ್ಲಿ ಮಡಿಸಿ ಮುಂದಕ್ಕೆ ಇಡಿ, ಮೇಲಿನ ಕೈಯನ್ನು ಕೆನ್ನೆಯ ಕೆಳಗೆ ಇಡಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಬಾಯಿ ನೆಲದ ಕಡೆಗೆ ಇರುವಂತೆ ಮಾಡಿ. ವಾಂತಿ ಬಂದರೆ ಹೊರಗೆ ಹರಿದು ಹೋಗಬೇಕು, ಶ್ವಾಸನಾಳಕ್ಕೆ ಇಳಿಯಬಾರದು, ಅಷ್ಟೇ ಇದರ ಉದ್ದೇಶ. ಜಾಸ್ತಿ ಕುಡಿದಾಗ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಶಕ್ತಿಯೇ ಮಂಕಾಗುತ್ತದೆ. ಕುಡಿತದಿಂದ ಸಾಯುವವರಲ್ಲಿ ಕೆಲವರು ತಮ್ಮದೇ ವಾಂತಿ ಉಸಿರಿಗೆ ಸಿಕ್ಕಿ ಸಾಯುತ್ತಾರೆ. ಒಂದು ನಿಮಿಷಕ್ಕೂ ಒಬ್ಬರನ್ನೇ ಬಿಡಬೇಡಿ. ಉಸಿರೇ ನಿಂತರೆ ಎದೆ ಒತ್ತುವ ಸಿಪಿಆರ್ ಶುರು ಮಾಡಿ. ಫೋನಿನ ಆ ಕಡೆ ಇರುವವರು ಹೇಗೆ ಅಂತ ಹೇಳಿಕೊಡುತ್ತಾರೆ, ಕಾಲ್ ಕಟ್ ಮಾಡಬೇಡಿ.

ಕಾಫಿ ಕುಡಿಸುವುದು, ತಣ್ಣೀರು ಸುರಿಯುವುದು, ಎಬ್ಬಿಸಿ ನಡೆಸುವುದು, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಇವೆಲ್ಲ ಬೇಡ. ರಕ್ತಕ್ಕೆ ಸೇರಿದ ಮದ್ಯವನ್ನು ಹೆಚ್ಚಾಗಿ ಲಿವರ್ ಒಂದೇ ಕರಗಿಸಬೇಕು, ಅದು ತನ್ನ ವೇಗದಲ್ಲೇ ಮಾಡುತ್ತದೆ, ಸುಮಾರು ಗಂಟೆಗೆ ಒಂದು ಸಣ್ಣ ಡ್ರಿಂಕ್‌ನಷ್ಟು. ಕಾಫಿಯಿಂದ ಅಮಲು ಇಳಿಯುವುದಿಲ್ಲ, ಎಚ್ಚರ ಇರುವ ಹಾಗೆ ಕಾಣುತ್ತದೆ ಅಷ್ಟೇ. ತಣ್ಣೀರಿನಿಂದ ಮೊದಲೇ ಇಳಿದಿರುವ ಮೈ ಬಿಸಿ ಇನ್ನೂ ಇಳಿಯುತ್ತದೆ.

ಎಲ್ಲಕ್ಕಿಂತ ಕೆಟ್ಟ ಸಲಹೆ ಅಂದರೆ "ಮಲಗಲಿ ಬಿಡಿ, ಬೆಳಿಗ್ಗೆ ಸರಿ ಹೋಗ್ತಾನೆ". ಕೊನೆಯ ಗ್ಲಾಸ್ ಮುಗಿದ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಲಗುವಾಗ ಮಾತಾಡುತ್ತಿದ್ದವನು ಅರ್ಧ ಗಂಟೆಯಲ್ಲಿ ಎಬ್ಬಿಸಿದರೂ ಏಳದ ಸ್ಥಿತಿಗೆ ಹೋಗಬಹುದು. ಡಾಕ್ಟರಿಗೆ ಏನು ಕುಡಿದದ್ದು, ಸುಮಾರು ಎಷ್ಟು, ಎಷ್ಟು ಹೊತ್ತಿಗೆ, ಜೊತೆಗೆ ಯಾವುದಾದರೂ ಮಾತ್ರೆ ತಿಂದಿದ್ದರೆ ಅದು, ಇಷ್ಟನ್ನು ಮುಚ್ಚಿಡದೆ ಹೇಳಿ. ನಿದ್ದೆ ಮಾತ್ರೆ ಅಥವಾ ಬಲವಾದ ನೋವಿನ ಮಾತ್ರೆ ಸೇರಿದ್ದರೆ ಉಸಿರು ನಿಲ್ಲುವ ಅಪಾಯ ತುಂಬಾ ಜಾಸ್ತಿ.

ಇನ್ನೊಂದು ಮಾತು, ಇದು ಹುಡುಗ ಹುಡುಗಿಯರಿಗೆ. ಜೊತೆಯಲ್ಲಿದ್ದವರು ಬೈಗುಳಕ್ಕೆ ಹೆದರಿ ಬಿದ್ದವನನ್ನು ಬಿಟ್ಟು ಓಡಿಹೋಗುವುದುಂಟು. ಓಡಬೇಡಿ. ಬೈಸಿಕೊಂಡರೆ ಒಂದು ವಾರದಲ್ಲಿ ಮರೆತುಹೋಗುತ್ತದೆ. ಅಪ್ಪ ಅಮ್ಮ ಕೂಡ ಇದನ್ನು ಮೊದಲೇ ಮಕ್ಕಳ ಕಿವಿಗೆ ಹಾಕಿಡಬೇಕು: ಗೆಳೆಯನಿಗೆ ಹೀಗಾದರೆ ಸಹಾಯಕ್ಕೆ ಫೋನ್ ಮಾಡಿದ್ದಕ್ಕೆ ನಮ್ಮ ಮನೆಯಲ್ಲಿ ಯಾವ ಶಿಕ್ಷೆಯೂ ಇಲ್ಲ ಅಂತ.

ಮಾರನೆಯ ದಿನ

ರಾತ್ರಿ ಅಮಲಿನಲ್ಲಿರುವಾಗ ಬುದ್ಧಿ ಹೇಳಬೇಡಿ, ಅದು ತಲೆಗೆ ಹೋಗುವುದಿಲ್ಲ, ಬೆಳಿಗ್ಗೆ ನೆನಪಿರುವುದೂ ಇಲ್ಲ. ಮಾರನೆಯ ದಿನವೂ ಎದ್ದ ತಕ್ಷಣ ಬೇಡ. ತಲೆನೋವು ಇಳಿಯಲಿ, ನೀರು ಕುಡಿಯಲಿ, ಏನಾದರೂ ತಿನ್ನಲಿ. ನಿಮ್ಮ ಕೋಪ ಇಳಿಯುವುದಕ್ಕೂ ಅಷ್ಟು ಹೊತ್ತು ಬೇಕಾಗುತ್ತದೆ.

ಆಮೇಲೆ ಇಬ್ಬರೇ ಕೂತು ಮಾತಾಡಿ. ಇಡೀ ಮನೆ ಸೇರಿ ವಿಚಾರಣೆ ಮಾಡುವುದು, ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳುವುದು, ಅಳುವುದು, ಆಣೆ ಹಾಕಿಸುವುದು, ಇವುಗಳಿಂದ ಒಂದೇ ಒಂದು ಪಾಠ ಕಲಿಯುತ್ತಾರೆ: ಮುಂದಿನ ಸಲ ಸರಿಯಾಗಿ ಮುಚ್ಚಿಡಬೇಕು ಅಂತ. "ನಿನ್ನೆ ಏನಾಯ್ತು, ಮೊದಲಿಂದ ಹೇಳು" ಅಂತ ಶುರು ಮಾಡಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿ. ಕಷ್ಟ, ಗೊತ್ತು. ಯಾರು ತಂದರು, ಯಾಕೆ ಅದೇ ಬ್ರಾಂಡ್ ತಂದರು, ರುಚಿ ಹೇಗಿತ್ತು, ಬೇಡ ಅನ್ನಿಸಿದ ಕ್ಷಣ ಇತ್ತಾ, ಆಗ ಯಾಕೆ ಬೇಡ ಅನ್ನಲಿಲ್ಲ. ಆ ಬ್ರಾಂಡ್ ಪ್ರಶ್ನೆಯನ್ನು ಮರೆಯಬೇಡಿ. ಮುಂದಿನ ಮಾತುಕತೆಗೆಲ್ಲ ಬಾಗಿಲು ಅದೇ.

ಶಿಕ್ಷೆ ಬೇಡವೇ ಬೇಡ ಅನ್ನುತ್ತಿಲ್ಲ. ಎರಡು ವಾರ ರಾತ್ರಿ ಹೊರಗೆ ಹೋಗುವಂತಿಲ್ಲ ಅನ್ನಿ, ಪರವಾಗಿಲ್ಲ. ಆದರೆ ಮೊದಲೇ ಹೇಳಿದ ನಿಯಮಕ್ಕೆ ತಕ್ಕ ಶಿಕ್ಷೆ ಆಗಿರಲಿ, ಆ ಹೊತ್ತಿನ ಸಿಟ್ಟಿಗೆ ಹುಟ್ಟಿದ್ದಾಗಬಾರದು.

ಅವರ ದೇಹ ನಮ್ಮದರಂತಲ್ಲ

"ನಾನೂ ಆ ವಯಸ್ಸಲ್ಲಿ ಕುಡಿದಿದ್ದೆ, ಏನಾಯ್ತು ಈಗ?" ಅನ್ನುವ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಇದನ್ನು ಓದಿ ಹೇಳಿ. ಮಿದುಳು ಬೆಳೆದು ಮುಗಿಯುವುದು ಇಪ್ಪತ್ತೈದರ ಹತ್ತಿರ ಹತ್ತಿರ, ಅದರಲ್ಲೂ ಹಣೆಯ ಹಿಂದೆ ಇರುವ, ಮುಂದಿನದನ್ನು ಯೋಚಿಸಿ ಕೈ ತಡೆಯುವ ಭಾಗ ಎಲ್ಲಕ್ಕಿಂತ ಕೊನೆಗೆ ಬೆಳೆಯುತ್ತದೆ. ಮಜಾ ಬೇಕು ಅನ್ನುವ ಭಾಗ ಅದಕ್ಕೂ ಎಷ್ಟೋ ಮೊದಲೇ ಜೋರಾಗಿರುತ್ತದೆ. ಇದು ಸಾಲದು ಅಂತ ಇನ್ನೊಂದಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡ ಹಾಗೆ, ಎಳೆಯ ಪ್ರಾಯದಲ್ಲಿ ಮದ್ಯದಿಂದ ತೂಕಡಿಕೆ, ತೂರಾಟ ಕಡಿಮೆ ಬರುತ್ತದೆ, ನೆನಪಿನ ಮೇಲಿನ ಪೆಟ್ಟು ಮಾತ್ರ ಜಾಸ್ತಿ. ದೊಡ್ಡವರಿಗೆ ಮೂರನೆಯ ಗ್ಲಾಸಿಗೆ "ಸಾಕು" ಅಂತ ಮೈ ಹೇಳುತ್ತದೆ, ಇವರಿಗೆ ಆ ಸೂಚನೆ ತಡವಾಗಿ ಬರುತ್ತದೆ. "ನನಗೆ ಏರಲೇ ಇಲ್ಲ" ಅಂತ ಹುಡುಗರು ಜಂಬ ಕೊಚ್ಚಿಕೊಳ್ಳುವುದಕ್ಕೆ ಕಾರಣ ತಾಕತ್ತಲ್ಲ, ಇದು.

ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಹದಿನೈದು ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರು, ಇಪ್ಪತ್ತೊಂದರ ಮೇಲೆ ಶುರು ಮಾಡಿದವರಿಗಿಂತ ಸುಮಾರು 4 ಪಟ್ಟು ಹೆಚ್ಚು ಸಲ ಮುಂದೆ ಚಟಕ್ಕೆ ಬಿದ್ದಿದ್ದರು. ಬೇಗ ಶುರು ಮಾಡಿದ್ದೇ ಕಾರಣವೋ, ಬೇಗ ಶುರು ಮಾಡುವ ಮಕ್ಕಳ ಮನೆಯ ಕಷ್ಟಗಳು ಕಾರಣವೋ ಅಂತ ವಾದ ಇದೆ, ಎರಡೂ ಇರಬಹುದು. ಹೇಗಾದರೂ ಇರಲಿ, ಮೊದಲ ಗುಟುಕನ್ನು ಎರಡು ವರ್ಷ ಮುಂದೂಡಿದರೂ ಲಾಭವೇ. ಮಾರುವವರಿಗೆ ಅದೇ ನಷ್ಟ.

ಬೆದರಿಕೆಗಿಂತ ಸಿಟ್ಟು ಕೆಲಸ ಮಾಡುತ್ತದೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಿವರ್ ಹಾಳಾಗುತ್ತದೆ, ಕ್ಯಾನ್ಸರ್ ಬರುತ್ತದೆ ಅಂತ ಹದಿನಾರರ ಹುಡುಗನಿಗೆ ಹೇಳಿ ನೋಡಿ. ಎಲ್ಲ ನಿಜ. ಮದ್ಯ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಆದರೆ ಹದಿನಾರಕ್ಕೆ ಐವತ್ತು ವರ್ಷ ಅನ್ನುವುದು ಕಥೆಯಲ್ಲಿ ಬರುವ ವಯಸ್ಸು. ಆ ಮಾತು ಕೇಳಿಸುತ್ತದೆ, ನಾಟುವುದಿಲ್ಲ.

ಹದಿಹರೆಯದವರಿಗೆ ನಿಜಕ್ಕೂ ಮೈ ಉರಿಯುವುದು ಬೇರೆ ಒಂದಕ್ಕೆ: ತಮ್ಮನ್ನು ಯಾರೋ ಮೂರ್ಖರನ್ನಾಗಿ ಮಾಡುತ್ತಿದ್ದಾರೆ ಅಂತ ಗೊತ್ತಾದಾಗ. ಇದನ್ನು ತಂಬಾಕಿನ ವಿಷಯದಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯ 1998ರಲ್ಲಿ ಮಾಡಿ ನೋಡಿತು. "ಟ್ರೂತ್" ಅನ್ನುವ ಪ್ರಚಾರ. ಸೇದಬೇಡಿ ಅಂತ ಉಪದೇಶ ಮಾಡುವ ಬದಲು ಸಿಗರೇಟ್ ಕಂಪನಿಗಳು ಹುಡುಗರನ್ನು ಹೇಗೆ ಬಲೆಗೆ ಹಾಕಿಕೊಳ್ಳುತ್ತವೆ ಅಂತ ಹುಡುಗರ ಬಾಯಲ್ಲೇ ಹೇಳಿಸಿದರು. ಜೊತೆಗೆ ಬೇರೆ ಕೆಲಸಗಳೂ ನಡೆದವು, ಎಲ್ಲ ಸೇರಿ ಎರಡು ವರ್ಷದಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಸೇದುವವರು ಶೇಕಡಾ 18.5ರಿಂದ 11.1ಕ್ಕೆ ಇಳಿದರು. ಬಂಡಾಯ ಮಾಡುವ ವಯಸ್ಸು, ಸರಿ, ಹಾಗಾದರೆ ಕಂಪನಿಯ ಮೇಲೆ ಮಾಡಲಿ ಅನ್ನುವ ಲೆಕ್ಕ. ಕುಡಿತಕ್ಕೂ ಇದೇ ದಾರಿ ಹಿಡಿಯಬಹುದು ಅಂತ ನನಗನ್ನಿಸುತ್ತದೆ.

ಅಷ್ಟಕ್ಕೂ ಜಾಹೀರಾತು ಕೆಲಸ ಮಾಡುತ್ತದಾ? 2009ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ 38,000ಕ್ಕೂ ಜಾಸ್ತಿ ಹುಡುಗ ಹುಡುಗಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ 13 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 12ರಲ್ಲಿ ಒಂದೇ ಉತ್ತರ: ಮದ್ಯದ ಪ್ರಚಾರ ಜಾಸ್ತಿ ಕಂಡವರು ಬೇಗ ಶುರು ಮಾಡುತ್ತಾರೆ, ಈಗಾಗಲೇ ಕುಡಿಯುವವರು ಇನ್ನೂ ಜಾಸ್ತಿ ಕುಡಿಯುತ್ತಾರೆ. "ನಾವು ಬ್ರಾಂಡ್ ಬದಲಾಯಿಸಿ ಅಂತ ದೊಡ್ಡವರಿಗೆ ಹೇಳುತ್ತಿದ್ದೇವೆ ಅಷ್ಟೇ" ಅನ್ನುವ ಕಂಪನಿಗಳ ಮಾತನ್ನು ಇದರ ಪಕ್ಕ ಇಟ್ಟು ನೋಡಿ.

ಜಾಹೀರಾತು ಬಿಚ್ಚುವುದನ್ನು ಕಲಿಸಿ

ಒಂದು ಸಂಜೆ ಮಗುವಿನ ಜೊತೆ ಕೂತು, ಅವರದೇ ಫೋನಿನಲ್ಲಿ, ಅವರದೇ ಫೀಡಿನಲ್ಲಿ ಮದ್ಯ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿ. ತಪಾಸಣೆ ಅಂತ ಅನ್ನಿಸಬಾರದು, ಅವರೇ ಹುಡುಕಲಿ, ನೀವು ಪಕ್ಕದಲ್ಲಿರಿ. ಯಾರು ಮೊದಲು ಕಂಡುಹಿಡಿಯುತ್ತಾರೆ ಅಂತ ಪಂದ್ಯ ಕಟ್ಟಿದರೂ ಆಯ್ತು. ಸಿಕ್ಕ ಪ್ರತಿಯೊಂದಕ್ಕೂ ಮೂರ್ನಾಲ್ಕು ಪ್ರಶ್ನೆ ಕೇಳಿ: ಇದರಲ್ಲಿ ಇರುವವರ ವಯಸ್ಸು ಎಷ್ಟು ಕಾಣುತ್ತದೆ? ಇದನ್ನು ಕುಡಿದರೆ ಏನು ಸಿಗುತ್ತದೆ ಅಂತ ತೋರಿಸುತ್ತಿದ್ದಾರೆ, ಗೆಳೆಯರಾ, ಹುಡುಗಿಯಾ, ಧೈರ್ಯವಾ? ಇದರಲ್ಲಿ ಯಾರಾದರೂ ವಾಂತಿ ಮಾಡಿದರಾ? ಇದಕ್ಕೆ ದುಡ್ಡು ಕೊಟ್ಟವರು ಯಾರು?

ಕೊನೆಯ ಪ್ರಶ್ನೆಯಲ್ಲಿ ಮಕ್ಕಳು ತಡವರಿಸುತ್ತಾರೆ, ಯಾಕೆಂದರೆ ಈಗಿನ ಮಾಲು ಜಾಹೀರಾತಿನ ಹಾಗೆ ಕಾಣುವುದೇ ಇಲ್ಲ. ಇನ್‌ಫ್ಲುಯೆನ್ಸರ್ ಪಾರ್ಟಿ ವಿಡಿಯೊ ಹಾಕುತ್ತಾನೆ, ಮೇಜಿನ ಮೇಲೆ ಬಾಟಲಿಯ ಲೇಬಲ್ ಮಾತ್ರ ಕ್ಯಾಮೆರಾ ಕಡೆಗೇ ತಿರುಗಿರುತ್ತದೆ. ಬಾಟಲಿ ತಾನಾಗಿ ತಿರುಗಿ ನಿಲ್ಲುವುದಿಲ್ಲ ಅಂತ ಒಂದು ಸಲ ತೋರಿಸಿದರೆ ಸಾಕು, ಆಮೇಲೆ ಅವರೇ ಎಲ್ಲ ಕಡೆ ಹಿಡಿಯುತ್ತಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ವರದಿಯನ್ನೇ ಹೊರತಂದಿತು, ಮದ್ಯದ ಪ್ರಚಾರ ಆನ್‌ಲೈನಿನಲ್ಲಿ ದೇಶಗಳ ಗಡಿ ದಾಟಿ ಹೇಗೆ ಯುವಕರನ್ನೂ ವಿಪರೀತ ಕುಡಿಯುವವರನ್ನೂ ಹುಡುಕಿಕೊಂಡು ಹೋಗುತ್ತದೆ ಅಂತ. ಒಂದು ದೇಶದಲ್ಲಿ ಬ್ಯಾನ್ ಇದ್ದರೂ ಇನ್ನೊಂದು ದೇಶದಿಂದ ಹಾಕಿದ ಪೋಸ್ಟ್ ಇಲ್ಲಿನ ಫೋನಿಗೇ ಬರುತ್ತದಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಫ್ರಾನ್ಸಿನದ್ದು, ಮಕ್ಕಳಿಗೆ ಇದನ್ನು ಹೇಳಿ ನೋಡಿ, ಕಣ್ಣರಳಿಸುತ್ತಾರೆ. ಅಲ್ಲಿ 1991ರ ಎವಾಂ ಕಾಯ್ದೆ ಟಿವಿಯಲ್ಲಿ ಮದ್ಯದ ಜಾಹೀರಾತು ನಿಷೇಧಿಸಿತು, ಆಟಗಳ ಪ್ರಾಯೋಜಕತ್ವಕ್ಕೂ ಅವಕಾಶವಿಲ್ಲ. 2016ರ ಯೂರೊ ಫುಟ್‌ಬಾಲ್ ಅಲ್ಲೇ ನಡೆಯಿತು, ಕಾರ್ಲ್ಸ್‌ಬರ್ಗ್ ಬಿಯರ್ ಪ್ರಾಯೋಜಕ. ಹೆಸರು ಹಾಕುವಂತಿಲ್ಲ. ಏನು ಮಾಡಿದರು? ತಮ್ಮ ಹಳೆಯ ಘೋಷಣೆಯ ಮೊದಲ ಪದ "ಪ್ರಾಬಬ್ಲಿ" ಅನ್ನುವುದನ್ನು ಮಾತ್ರ ತಮ್ಮ ಬಣ್ಣದಲ್ಲಿ, ತಮ್ಮ ಅಕ್ಷರದಲ್ಲಿ ಮೈದಾನದ ಸುತ್ತ ಹಾಕಿದರು. ರಗ್ಬಿಯ ಸಿಕ್ಸ್ ನೇಶನ್ಸ್ ಪಂದ್ಯಾವಳಿಯಲ್ಲಿ ಗಿನ್ನೆಸ್ ಬಿಯರ್ ಕೂಡ ಹಾಗೇ, ಫ್ರಾನ್ಸಿನಲ್ಲಿ ಆಡುವಾಗ ತನ್ನ ಹೆಸರಿನ ಜಾಗದಲ್ಲಿ ಅದೇ ಅಕ್ಷರಶೈಲಿಯಲ್ಲಿ "ಗ್ರೇಟ್‌ನೆಸ್" ಅಂತ ಬರೆಸಿತು. ಹೆಸರಿಲ್ಲದಿದ್ದರೂ ನೋಡಿದವರಿಗೆಲ್ಲ ಗೊತ್ತಾಯಿತು. ಹೆಸರೇ ಹೇಳದೆ ಗುರುತು ಹಿಡಿಸುವಷ್ಟು ಆಳಕ್ಕೆ ಒಂದು ಬಣ್ಣ ನಮ್ಮ ತಲೆಯಲ್ಲಿ ಕೂತಿದೆ ಅಂದರೆ ಎಷ್ಟು ವರ್ಷದ ಕೆಲಸ ಅದು, ಯೋಚನೆ ಮಾಡಿ.

ಭಾರತದಲ್ಲಿ ಇದೇ ಆಟ ಸೋಡಾ, ನೀರು, ಮ್ಯೂಸಿಕ್ ಸಿಡಿ, ಗ್ಲಾಸುಗಳ ವೇಷದಲ್ಲಿ ನಡೆದಿದೆ. ಮದ್ಯದ ಜಾಹೀರಾತಿಗೆ ಟಿವಿಯಲ್ಲಿ ಅವಕಾಶವಿಲ್ಲ, ಆದರೆ ಅದೇ ಹೆಸರಿನ ಸೋಡಾಗೆ ಇತ್ತಲ್ಲ! ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ ಬದಲಿ ಜಾಹೀರಾತನ್ನು ನಿಷೇಧಿಸಿದೆ. ಬೇರೆ ಕಡೆ ಈಗ ಹೊಸ ವೇಷ ಬಂದಿದೆ, ಆಲ್ಕೋಹಾಲ್ ಇಲ್ಲದ "ಝೀರೊ" ಬಿಯರ್. ಕುಡಿತ ಬಿಡಬೇಕು ಅನ್ನುವ ದೊಡ್ಡವರಿಗೆ ಅದು ಉಪಯೋಗಕ್ಕೆ ಬರಬಹುದು, ತಕರಾರಿಲ್ಲ. ಆದರೆ ಲೋಗೊ, ಬಣ್ಣ, ಬಾಟಲಿಯ ಆಕಾರ ಎಲ್ಲ ಒಂದೇ ಇಟ್ಟು, ಮಕ್ಕಳು ನೋಡುವ ಕ್ರೀಡೆಗೆ ಅದನ್ನೇ ಪ್ರಾಯೋಜಕ ಮಾಡಿದರೆ ಯಾವುದು ನೆನಪಲ್ಲಿ ಉಳಿಯುತ್ತದೆ?

ರುಚಿಯ ಮಾತು ಬೇರೆ. ಮದ್ಯ ಮೊದಲ ಸಲ ಹೆಚ್ಚಿನವರಿಗೆ ರುಚಿಸುವುದಿಲ್ಲ, ಕಹಿ, ಸುಡುತ್ತದೆ. ಆ ಕಹಿಯೇ ಮಕ್ಕಳಿಗೆ ಒಂದು ಬೇಲಿ. 1990ರ ದಶಕದಲ್ಲಿ ಬಂದ ಆಲ್ಕೊಪಾಪ್‌ಗಳು, ಅಂದರೆ ಜ್ಯೂಸಿನ ಹಾಗೆ ಸಿಹಿ, ಬಣ್ಣ ಬಣ್ಣದ ಬಾಟಲಿಯ ಮದ್ಯ, ಆ ಬೇಲಿಯನ್ನೇ ಕಿತ್ತವು. ಜರ್ಮನಿ 2004ರಲ್ಲಿ ಇವುಗಳ ಮೇಲೆ ಪ್ರತ್ಯೇಕ ತೆರಿಗೆ ಹಾಕಿತು, ಅವುಗಳ ಮಾರಾಟ ಬಿತ್ತು, ಆದರೆ ತೆರಿಗೆ ತಪ್ಪಿಸಿಕೊಳ್ಳಲು ಬಿಯರ್, ವೈನ್ ಬೆರೆಸಿದ ಸಿಹಿ ಮಾಲು ಬಂತು. ಹೀಗೆ ಒಂದು ಬಾಗಿಲು ಹಾಕಿದರೆ ಇನ್ನೊಂದು. ಅಮೆರಿಕದಲ್ಲಿ ಕೆಫೀನ್ ಬೆರೆಸಿದ ಮದ್ಯದ ಕ್ಯಾನುಗಳು ಕಾಲೇಜು ಹುಡುಗರಲ್ಲಿ ಓಡಿದವು. ಕೆಫೀನ್ ಇದ್ದರೆ ಅಮಲು ಗೊತ್ತಾಗುವುದಿಲ್ಲ, ಕುಡಿಯುತ್ತಲೇ ಹೋಗುತ್ತಾರೆ. 2010ರ ನವೆಂಬರ್‌ನಲ್ಲಿ ಅಲ್ಲಿನ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕೊಟ್ಟ ಮೇಲೆ ಕೆಫೀನ್ ತೆಗೆದರು. ಆದರೆ ಎನರ್ಜಿ ಡ್ರಿಂಕ್ ಜೊತೆ ಮನೆಯಲ್ಲೇ ಬೆರೆಸುವುದು ನಿಂತಿಲ್ಲ, ಇದನ್ನು ಮಕ್ಕಳಿಗೆ ಹೆಸರು ಹಿಡಿದು ಹೇಳಿ.

ಕ್ಯಾನಿನ ಲೆಕ್ಕವನ್ನೂ ಮಾಡಿಸಿ, ಗಣಿತ ಇಷ್ಟವಿಲ್ಲದ ಮಕ್ಕಳೂ ಇದನ್ನು ಮಾಡುತ್ತಾರೆ. ಎಷ್ಟು ಎಂಎಲ್ ಇದೆಯೋ ಅದನ್ನು ಲೇಬಲ್ ಮೇಲಿನ ಶೇಕಡಾ ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಎಷ್ಟು ಗ್ರಾಂ ಶುದ್ಧ ಆಲ್ಕೋಹಾಲ್ ಅಂತ ಸಿಗುತ್ತದೆ. 5 ಶೇಕಡಾದ 330 ಎಂಎಲ್ ಬಿಯರಿನಲ್ಲಿ 13 ಗ್ರಾಂ. 8 ಶೇಕಡಾದ 500 ಎಂಎಲ್ ಕ್ಯಾನಿನಲ್ಲಿ ಸುಮಾರು 32 ಗ್ರಾಂ. ಒಂದು ಡ್ರಿಂಕ್ ಅಂದರೆ 10 ಗ್ರಾಂ ಅಂತ ಹಿಡಿದರೆ, "ಒಂದೇ ಕ್ಯಾನ್ ಕುಡಿದೆ ಅಮ್ಮಾ" ಅನ್ನುವುದು ಮೂರು ಡ್ರಿಂಕ್‌ಗಿಂತ ಜಾಸ್ತಿ. ಅವನು ಸುಳ್ಳು ಹೇಳುತ್ತಿಲ್ಲ. ಮೂರು ಜನರ ಮಾಲನ್ನು ಒಬ್ಬನ ಕೈಗೆ ಹಿಡಿಯುವಂತೆ ಕ್ಯಾನ್ ಮಾಡಿದವರು ಬೇರೆ.

ಇನ್ನು ಕಂಪನಿಗಳ ಸ್ವಯಂ ನಿಯಂತ್ರಣ. ನನಗೆ ಇದರ ಮೇಲೆ ಹೆಚ್ಚು ನಂಬಿಕೆ ಇಲ್ಲ, ಮುಚ್ಚಿಡುವುದಿಲ್ಲ. ವೆಬ್‌ಸೈಟಿಗೆ ಹೋದರೆ ಹುಟ್ಟಿದ ವರ್ಷ ಕೇಳುತ್ತದೆ, ಸುಳ್ಳು ವರ್ಷ ಒತ್ತಿದರೂ ಒಳಗೆ ಬಿಡುತ್ತದೆ. ಅಮೆರಿಕದಲ್ಲಿ ಕಂಪನಿಗಳು ತಾವೇ 2011ರಲ್ಲಿ ಒಂದು ನಿಯಮ ಬಿಗಿ ಮಾಡಿಕೊಂಡವು: ನೋಡುಗರಲ್ಲಿ ಶೇಕಡಾ 71.6ರಷ್ಟು ಜನ ಕುಡಿಯುವ ವಯಸ್ಸಿನವರಾಗಿದ್ದರೆ ಅಲ್ಲಿ ಜಾಹೀರಾತು ಹಾಕಬಹುದಿತ್ತು. ಅಂದರೆ ನೂರರಲ್ಲಿ ಇಪ್ಪತ್ತೆಂಟು ಜನ ಇಪ್ಪತ್ತೊಂದು ತುಂಬದವರು ಕೂತು ನೋಡುತ್ತಿದ್ದರೂ ಅದು ನಿಯಮದ ಒಳಗೇ ಇತ್ತು. ಕೊನೆಗೆ ಬರುವ "ಜವಾಬ್ದಾರಿಯಿಂದ ಕುಡಿಯಿರಿ" ಅನ್ನುವ ಸಾಲಿನಲ್ಲೂ ಎರಡನೆಯ ಪದ ಕುಡಿಯಿರಿ ಅಂತಲೇ ಇದೆ.

ಫೋನಿನಲ್ಲಿ ಮಾಡಬಹುದಾದದ್ದು

ಇದು ಐದು ನಿಮಿಷದ ಕೆಲಸ. ಗೂಗಲ್ ಖಾತೆಯಲ್ಲಿ ಜಾಹೀರಾತು ಸೆಟ್ಟಿಂಗ್‌ಗೆ ಹೋದರೆ ಮದ್ಯದ ಜಾಹೀರಾತು ಕಡಿಮೆ ಮಾಡು ಅನ್ನುವ ಆಯ್ಕೆ ಇದೆ, ಯೂಟ್ಯೂಬಿಗೂ ಅದೇ ಸಾಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲೂ ಜಾಹೀರಾತು ವಿಷಯಗಳ ಪಟ್ಟಿಯಲ್ಲಿ ಮದ್ಯವನ್ನು ಕಡಿಮೆ ತೋರಿಸು ಅಂತ ಒತ್ತಬಹುದು. ಖಾತೆಯಲ್ಲಿ ಮಗುವಿನ ನಿಜವಾದ ಹುಟ್ಟಿದ ದಿನ ಇದೆಯಾ ನೋಡಿ. ಆ್ಯಪ್ ಬೇಗ ತೆರೆಯಲಿ ಅಂತ ಎಷ್ಟೋ ಮಕ್ಕಳು ಇಪ್ಪತ್ತರ ಮೇಲಿನ ವಯಸ್ಸು ಹಾಕಿರುತ್ತಾರೆ, ಕೆಲವು ಸಲ ನಾವೇ ಹಾಕಿಕೊಟ್ಟಿರುತ್ತೇವೆ, ಆಮೇಲೆ ಯಂತ್ರದ ಕಣ್ಣಿಗೆ ಅವರು ದೊಡ್ಡವರೇ. ಇಷ್ಟೆಲ್ಲ ಮಾಡಿದರೂ ಇನ್‌ಫ್ಲುಯೆನ್ಸರ್ ವಿಡಿಯೊಗಳು ನಿಲ್ಲುವುದಿಲ್ಲ, ಅದಕ್ಕೇ ಮೇಲಿನ ಪಾಠ.

ಮನೆಯ ನಿಯಮ

"ಹೊರಗೆ ಕದ್ದು ಕುಡಿಯುವುದಕ್ಕಿಂತ ನಮ್ಮ ಎದುರೇ ಒಂದು ಗುಟುಕು ಕುಡಿಯಲಿ, ಕುತೂಹಲ ಹೋಗುತ್ತದೆ" ಅನ್ನುವುದು ತಿಳಿದವರ ಮನೆಯಲ್ಲೂ ಕೇಳುವ ಮಾತು. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಹುಡುಗ ಹುಡುಗಿಯರನ್ನು 6 ವರ್ಷ ಹಿಂಬಾಲಿಸಿ 2018ರಲ್ಲಿ ಫಲಿತಾಂಶ ಹೇಳಿದರು. ಮನೆಯವರೇ ಕೊಟ್ಟದ್ದರಿಂದ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಮನೆಯಲ್ಲಿ ಸಿಕ್ಕಿದವರು ಮುಂದೆ ಹೊರಗಿನಿಂದಲೂ ಪಡೆಯುವ ಸಾಧ್ಯತೆ ಜಾಸ್ತಿ ಇತ್ತು. ಹಾಗಾಗಿ ಕೊಡಬೇಡಿ. ಹಬ್ಬ, ಮದುವೆ, ಹುಟ್ಟುಹಬ್ಬ, ಯಾವುದಕ್ಕೂ ಬೇಡ. ನೀವು ಕುಡಿಯುವವರಾದರೆ ಬಾಟಲಿ ಎಷ್ಟು ಖಾಲಿಯಾಗಿದೆ ಅಂತ ನಿಮಗೆ ಗೊತ್ತಿರಲಿ, ಬೀಗ ಇರಲಿ, ಮತ್ತು "ಇವತ್ತು ತಲೆ ಕೆಟ್ಟಿದೆ, ಒಂದು ಪೆಗ್ ಬೇಕು" ಅಂತ ಮಕ್ಕಳ ಎದುರು ಹೇಳುವುದನ್ನು ಬಿಡಿ. ದುಃಖಕ್ಕೆ ಮದ್ದು ಅದು ಅಂತ ಯಾವ ಜಾಹೀರಾತೂ ಅಷ್ಟು ಚೆನ್ನಾಗಿ ಕಲಿಸಲಾರದು.

ಒಂದು ಒಪ್ಪಂದ ಮಾಡಿಕೊಳ್ಳಿ. ಎಲ್ಲಿಗೋ ಹೋಗಿ ಸಿಕ್ಕಿಹಾಕಿಕೊಂಡರೆ, ತಾನು ಕುಡಿದಿರಲಿ ಗಾಡಿ ಓಡಿಸುವವನು ಕುಡಿದಿರಲಿ, ಒಂದು ಗುಟ್ಟಿನ ಮೆಸೇಜ್ ಕಳಿಸಲಿ, ಒಂದು ಚುಕ್ಕಿಯಾದರೂ ಸಾಕು. ಮೆಸೇಜ್ ಬಂದ ತಕ್ಷಣ ನೀವೇ ಫೋನ್ ಮಾಡಿ "ಮನೆಯಲ್ಲಿ ತುರ್ತು ಕೆಲಸ ಇದೆ, ಈಗಲೇ ಹೊರಡು, ನಾನು ಬರ್ತಿದ್ದೀನಿ" ಅಂತ ಜೋರಾಗಿ ಹೇಳಿ. ಗೆಳೆಯರ ಎದುರು ಮರ್ಯಾದೆ ಉಳಿಯುತ್ತದೆ, ಬೈಸಿಕೊಳ್ಳುವುದು ನಿಮ್ಮ ಪಾಲಿಗೆ. ಆ ರಾತ್ರಿ ಪ್ರಶ್ನೆ ಕೇಳುವುದಿಲ್ಲ ಅಂತ ಮಾತು ಕೊಟ್ಟಿದ್ದರೆ ಕೇಳಬೇಡಿ. ಒಂದು ಸಲ ಮಾತು ತಪ್ಪಿದರೆ ಎರಡನೆಯ ಮೆಸೇಜ್ ಬರುವುದಿಲ್ಲ.

ಒಬ್ಬರ ಮನೆಯಲ್ಲಿ ಮಾಡುವುದಕ್ಕಿಂತ ನಾಲ್ಕು ಮನೆಯವರು ಸೇರಿ ಮಾಡಿದರೆ ಫಲ ಜಾಸ್ತಿ. ಐಸ್‌ಲ್ಯಾಂಡ್ ದೇಶವೇ ಇದನ್ನು ಮಾಡಿ ತೋರಿಸಿದೆ. ಅಲ್ಲಿ 1998ರಲ್ಲಿ 15-16ರ ಮಕ್ಕಳಲ್ಲಿ ಶೇಕಡಾ 42ರಷ್ಟು ಜನ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡಿದ್ದೆವು ಅಂತ ಹೇಳಿದ್ದರು, 2016ಕ್ಕೆ ಅದು ಶೇಕಡಾ 5. ಅಪ್ಪ ಅಮ್ಮಂದಿರು ಶಾಲೆಯ ಮಟ್ಟದಲ್ಲಿ ಒಂದೇ ನಿಯಮಕ್ಕೆ ಸಹಿ ಹಾಕಿದರು, ಆಟ ಸಂಗೀತಕ್ಕೆ ಸರ್ಕಾರ ದುಡ್ಡು ಕೊಟ್ಟಿತು, ರಾತ್ರಿ ಮಕ್ಕಳು ಬೀದಿಯಲ್ಲಿರುವುದಕ್ಕೆ ಹೊತ್ತು ಗೊತ್ತು ಮಾಡಿದರು, ಮದ್ಯದ ಜಾಹೀರಾತಿಗೆ ತಡೆ ಹಾಕಿದರು. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಮಗುವಿಗೆ ಇಷ್ಟದ ಕೆಲಸ ಏನಾದರೂ ಇದೆಯಾ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಯಾವಾಗ ಡಾಕ್ಟರ ಹತ್ತಿರ

ಒಂದು ಸಲ ರುಚಿ ನೋಡಿದ್ದಕ್ಕೂ ಚಟಕ್ಕೂ ವ್ಯತ್ಯಾಸ ಇದೆ. ಡಾಕ್ಟರುಗಳು ಹದಿಹರೆಯದವರಿಗೆ ಕೇಳುವ ಆರು ಪ್ರಶ್ನೆಗಳಿವೆ, ನನ್ನ ಮಾತಲ್ಲಿ ಹೇಳುತ್ತೇನೆ. ಕುಡಿದವರು, ನೀನೂ ಸೇರಿ, ಓಡಿಸುವ ಗಾಡಿಯಲ್ಲಿ ಕೂತಿದ್ದೀಯಾ? ಮನಸ್ಸು ಹಗುರ ಮಾಡಿಕೊಳ್ಳಲು, ನಾಲ್ಕು ಜನರ ನಡುವೆ ಹೊಂದಿಕೊಳ್ಳಲು ಕುಡಿಯುತ್ತೀಯಾ? ಒಬ್ಬನೇ ಕೂತು ಕುಡಿಯುತ್ತೀಯಾ? ಕುಡಿದಾಗ ಮಾಡಿದ್ದು ಮರೆತುಹೋಗಿದೆಯಾ? ಕಡಿಮೆ ಮಾಡು ಅಂತ ಮನೆಯವರು, ಗೆಳೆಯರು ಹೇಳಿದ್ದಾರಾ? ಕುಡಿದು ತೊಂದರೆಗೆ ಸಿಕ್ಕಿಕೊಂಡಿದ್ದೀಯಾ? ಎರಡಕ್ಕೆ ಹೌದು ಅಂತ ಬಂದರೂ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮಗು ಡಾಕ್ಟರ ಜೊತೆ ಒಬ್ಬರೇ ಮಾತಾಡಲು ಬಿಡಿ, ನೀವು ಹೊರಗೆ ಕೂರಿ. ದಿನಾ ಜಾಸ್ತಿ ಕುಡಿಯುವ ಸ್ಥಿತಿ ತಲುಪಿದ್ದರೆ ರೂಮಿನಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಅದರಿಂದ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದನ್ನು ಆಸ್ಪತ್ರೆಯಲ್ಲೇ ಮಾಡಬೇಕು. ಕುಡಿತದ ಹಿಂದೆ ಖಿನ್ನತೆ, ಭಯ, ಯಾರದೋ ಕಿರುಕುಳ ಅಡಗಿರುವುದು ತುಂಬಾ ಸಾಮಾನ್ಯ, ಅದನ್ನು ಬಿಟ್ಟು ಬಾಟಲಿಗೆ ಮಾತ್ರ ಔಷಧಿ ಕೊಟ್ಟರೆ ಬಾಟಲಿ ವಾಪಸ್ ಬರುತ್ತದೆ.

ದೂರು ಕೊಡಿ, ಮಗುವಿನ ಕೈಯಲ್ಲೇ ಕೊಡಿಸಿ

ದೂರು ಕೊಟ್ಟರೆ ಏನಾಗುತ್ತದೆ ಅನ್ನಬೇಡಿ. ನಾರ್ವೆ 1975ರಲ್ಲೇ ಮದ್ಯದ ಜಾಹೀರಾತು ನಿಲ್ಲಿಸಿತು. ಲಿಥುವೇನಿಯಾ 2018ರ ಜನವರಿಯಿಂದ ಜಾಹೀರಾತು ನಿಷೇಧಿಸಿ, ಕುಡಿಯುವ ವಯಸ್ಸನ್ನು 18ರಿಂದ 20ಕ್ಕೆ ಏರಿಸಿತು. ಐರ್ಲೆಂಡಿನಲ್ಲಿ ಶಾಲೆ, ಮಕ್ಕಳ ಆಟದ ಮೈದಾನದಿಂದ 200 ಮೀಟರ್ ಒಳಗೆ ಮದ್ಯದ ಜಾಹೀರಾತು ಹಾಕುವಂತಿಲ್ಲ. ಜಾಹೀರಾತನ್ನು ತಡೆಯಲು ಆಗುತ್ತದೆ ಅನ್ನುವುದಕ್ಕೆ ಇವೇ ಸಾಕ್ಷಿ.

ಮಗುವಿಗೆ ಕಾಣಿಸಿದ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಖು, ಹೊತ್ತು, ಯಾವ ಆ್ಯಪ್, ಯಾವ ಖಾತೆಯ ಪೋಸ್ಟ್, ಅದಕ್ಕೆ ಮೊದಲು ಏನು ನೋಡುತ್ತಿದ್ದರು, ಖಾತೆಯಲ್ಲಿ ನಮೂದಾದ ವಯಸ್ಸು ಎಷ್ಟು, ಇಷ್ಟನ್ನು ಬರೆದಿಡಿ. ವಿಡಿಯೊ ಆದರೆ ಸ್ಕ್ರೀನ್ ರೆಕಾರ್ಡ್ ಮಾಡಿ, ಪೋಸ್ಟ್ ಅಳಿಸಿಹೋಗುವ ಮೊದಲೇ. ಮೊದಲು ಆ್ಯಪಿನ ರಿಪೋರ್ಟ್ ಬಟನ್, ಆಮೇಲೆ ನಿಮ್ಮ ದೇಶದ ಜಾಹೀರಾತು ನಿಗಾ ಮಂಡಳಿ ಮತ್ತು ಗ್ರಾಹಕ ಪ್ರಾಧಿಕಾರ. ಹಲವು ಕಡೆ ಆನ್‌ಲೈನ್ ಫಾರ್ಮ್ ಇರುತ್ತದೆ, ವಕೀಲರು ಬೇಕಿಲ್ಲ. ದೂರು ಉದ್ದ ಬೇಡ. ಏನು ಕಂಡಿತು, ಯಾವ ವಯಸ್ಸಿನ ಮಗುವಿಗೆ ಕಂಡಿತು, ಯಾವ ನಿಯಮ ಮುರಿದಿದೆ, ಈ ಮೂರು ಸಾಲು ಸಾಕು, ಉಳಿದದ್ದಕ್ಕೆ ಚಿತ್ರ ಇದೆ. ಕರಡನ್ನು ಮಗುವೇ ಬರೆಯಲಿ, ಹೆಸರು ಮತ್ತು ಸಹಿ ಮಾತ್ರ ದೊಡ್ಡವರದ್ದಿರಲಿ. ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಫೋನಿನಲ್ಲಿ ಸೇವ್ ಮಾಡಿಕೊಂಡು ತಿಂಗಳಾದ ಮೇಲೆ ಏನಾಯಿತು ಅಂತ ಕೇಳಿ. ಉತ್ತರ ಬರದಿದ್ದರೆ ಅದೇ ಸಂಖ್ಯೆ ಹಾಕಿ ಇನ್ನೊಮ್ಮೆ ಬರೆಯಿರಿ, ಒಂದು ಪ್ರತಿಯನ್ನು ಶಾಲೆಯ ಬೇರೆ ಪೋಷಕರಿಗೂ ಕಳಿಸಿ.